ಗಂಜಿ ಹಾಕಿದ ಕಾಗದ

ಫೆಬ್ರವರಿ 4

ಅತ್ತೆಯವರಿಗೆ,

ಅಕ್ಷರದ ಗುರುತು ಸಿಕ್ಕಿದ ಕೂಡಲೇ ನೀವು ಈ ಕಾಗದ ಹರಿದುಹಾಕಬಹುದು. ಓದಿ ಮುಗಿಸಿ ಹರಿಯಿರಿ ಎಂದು ಕೇಳಿಕೊಳ್ಳುತ್ತೇನೆ. ಎರಡು ವರ್ಷದಿಂದ ನಾನು ನಿಮಗೆ ಬರೆದಿಲ್ಲ. ನಿಮ್ಮ ಮಗಳು ತೀರಿಹೋದಳೆಂದು ವಾರ್ಡರ್ ಬಂದು ಹೇಳಿದ ದಿನ ಒಂದು ಹಾಳೆ ಕೇಳಿ ತೆಗೆದುಕೊಂಡಿದ್ದೆ. 'ಅತ್ತೆಯವರಿಗೆ' ಎಂದು ಬರೆದು, ಮುಂದೆ ಏನು ಬರೆಯಬೇಕೆಂದು ತಿಳಿಯದೆ ಹಾಗೇ ಇಟ್ಟುಕೊಂಡೆ. ಇದು ಅದೇ ಹಾಳೆ. ಮೊದಲ ಪದದ ಶಾಯಿ ಬೇರೆಯಾಗಿರುವುದು ಅದಕ್ಕೇ.

ಈ ವರ್ಷ ನಮ್ಮ ಜೈಲಿನಲ್ಲಿ ಅಮಲಿನ ಪುಡಿಯ ಚಟ ಇರುವವರಿಗೆ ಒಂದು ಚಿಕಿತ್ಸೆ ಶುರುವಾಗಿದೆ. ಮೊದಲೆಲ್ಲ ನಮ್ಮಂಥವರನ್ನು ಸಿಮೆಂಟು ನೆಲದ ಮೇಲೆ ಬಿಟ್ಟು ಬಾಗಿಲು ಹಾಕಿಬಿಡುತ್ತಿದ್ದರು. ವಾಂತಿ, ಭೇದಿ, ಮೈನಡುಕ ಎಲ್ಲ ಅವರವರ ಪಾಲಿಗೆ. ಅದನ್ನು ದಾಟಿದರೂ ಪುಡಿ ಒಳಗೂ ಸಿಗುತ್ತಿತ್ತು, ಮತ್ತೆ ಮೊದಲಿನಿಂದ. ಈಗ ದಿನಾ ಬೆಳಿಗ್ಗೆ ಆಸ್ಪತ್ರೆ ಕೋಣೆಯ ಉದ್ದ ಬೆಂಚಿನ ಮೇಲೆ ನಮ್ಮನ್ನು ಸಾಲಾಗಿ ಕೂರಿಸುತ್ತಾರೆ. ಸಿಸ್ಟರ್ ಒಬ್ಬೊಬ್ಬರ ನಾಲಗೆಯ ಕೆಳಗೂ ಒಂದು ಮಾತ್ರೆ ಇಡುತ್ತಾರೆ. ಅದು ಕರಗುವವರೆಗೆ ನುಂಗಬಾರದು, ಮಾತಾಡಬಾರದು, ಕೈ ಮಂಡಿಯ ಮೇಲಿರಬೇಕು. ಕರಗಿದ ಮೇಲೆ ಬಾಯಿ ತೆರೆದು ತೋರಿಸಬೇಕು, ಯಾರೂ ಮಾತ್ರೆ ಕದ್ದು ಮಾರಬಾರದೆಂದು. ಅದರಿಂದ ಅಮಲು ಏರುವುದಿಲ್ಲ. ಒಳಗೆ ಬೇಕು ಬೇಕು ಎಂದು ಕೂಗುತ್ತಿದ್ದುದು ಸುಮ್ಮನಾಗುತ್ತದೆ, ಅಷ್ಟೇ. ಬಹಳ ಕಾಲದ ಮೇಲೆ ನಾನು ನಿದ್ದೆ ಮಾಡುತ್ತಿದ್ದೇನೆ.

ಸೆಪ್ಟೆಂಬರಿನಲ್ಲಿ ನನ್ನ ಬಿಡುಗಡೆ. ಗೇಟು ದಾಟಿದ ಮೇಲೂ ಮಾತ್ರೆ ನಿಲ್ಲಬಾರದಂತೆ. ನಾವು ಹೋಗಿ ಇರುವ ಮನೆಗೆ ಹತ್ತಿರದ ಆಸ್ಪತ್ರೆಗೆ ನಮ್ಮ ಹೆಸರು ಕಳಿಸುತ್ತಾರೆ. ಅದಕ್ಕೆ ಒಂದು ವಿಳಾಸ ಬೇಕು. ಮನೆ ಎಂದು ನನಗೆ ಇದ್ದದ್ದು ನಿಮ್ಮ ಮಾಳಿಗೆಯ ಕೋಣೆ ಒಂದೇ. ಅಲ್ಲಿ ಬಂದು ಇರುತ್ತೇನೆ ಎನ್ನುತ್ತಿಲ್ಲ. ನಿಮ್ಮ ವಿಳಾಸ ಬರೆಸಿಕೊಳ್ಳಲು ಒಪ್ಪಿಗೆ ಕೊಡಿ, ಸಾಕು. ಮಲಗುವುದಕ್ಕೆ ಎಲ್ಲಾದರೂ ನೋಡಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಮಗಳ ಗಂಡ


ಮಾರ್ಚ್ 1

ನಿಮಗೆ,

ಕ್ಷೇಮ ಕೇಳುವ ಕಾಗದ ಇದಲ್ಲ. ಕೇಳಿದ್ದಕ್ಕೆ ಉತ್ತರ ಕೊಡದೆ ಇದ್ದು ನನಗೆ ಅಭ್ಯಾಸವಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ವಿಳಾಸ ಕೊಡುವುದಕ್ಕೆ ಆಗುವುದಿಲ್ಲ.

ಅವಳು ಹೋದದ್ದನ್ನು ವಾರ್ಡರ್ ಹೇಳಿದ ಎಂದು ಬರೆದಿದ್ದೀರಿ. ಹೇಗೆ ಹೋದಳು ಎಂದು ಅವನು ಹೇಳಿರಲಾರ. ನಾನು ಹೇಳುತ್ತೇನೆ.

ಹೆಂಗಸರ ಜೈಲಿನಿಂದ ಬಂದವಳನ್ನು ಬಾಗಿಲಲ್ಲಿ ನೋಡಿದಾಗ ನನಗೆ ಗುರುತೇ ಸಿಗಲಿಲ್ಲ. ಕೆನ್ನೆ ತುಂಬಿಕೊಂಡಿತ್ತು. ಚಿಕ್ಕಂದಿನಲ್ಲಿ ಕೆನ್ನೆಯೊಳಗೆ ತುತ್ತು ಇಟ್ಟುಕೊಂಡು ನುಂಗದೆ ಮನೆಯೆಲ್ಲ ಓಡಾಡುತ್ತಿದ್ದಳು, ಅದಕ್ಕೇ ಅಳಿಲು ಎಂದು ಕರೆಯುತ್ತಿದ್ದೆವು. ಮತ್ತೆ ಹಾಗೇ ಇದ್ದಳು. "ಅಮ್ಮಾ, ಅಷ್ಟು ತಿಂಗಳು ಒಂದು ಚೂರೂ ಮುಟ್ಟಿಲ್ಲ ಕಣೇ, ನಿನ್ನಾಣೆಗೂ," ಎಂದಳು. ನಂಬಿದೆ. ಅದು ನಿಜವೂ ಆಗಿತ್ತು. ಹಾಸಿಗೆಗೆ ಗಂಜಿ ಹಾಕಿದ ಹೊದಿಕೆ ಹಾಸಿಕೊಟ್ಟೆ. ಆ ವಾರವೇ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಸ್ನಾನ ಮಾಡುತ್ತಿದ್ದಾಳೆ ಎಂದುಕೊಂಡು ನಾನು ಬಟ್ಟೆ ಮಡಚುತ್ತಾ ಕೂತಿದ್ದೆ. ಬಾಗಿಲು ಒಡೆಸಿದಾಗ ಮೈ ತಣ್ಣಗಾಗಿತ್ತು, ಪಕ್ಕದಲ್ಲಿ ಪುಡಿಯ ಪೊಟ್ಟಣ ಬಿದ್ದಿತ್ತು.

ಅಷ್ಟು ಚೆನ್ನಾಗಿ ಗುಣವಾದವಳು ಯಾಕೆ ಹಾಗೆ ಮಾಡಿಕೊಂಡಳು? ಬೇಕೆಂದೇ ಮಾಡಿಕೊಂಡಳು ಎಂದು ನನಗೆ ಅನ್ನಿಸುತ್ತದೆ. ನನ್ನ ಜೊತೆ ಇರುವುದು ಅವಳಿಗೆ ಬೇಡವಾಗಿತ್ತು. ಇದನ್ನು ಇದುವರೆಗೆ ಯಾರ ಹತ್ತಿರವೂ ಆಡಿಲ್ಲ. ನಿಮಗೆ ಯಾಕೆ ಬರೆಯುತ್ತಿದ್ದೇನೋ ತಿಳಿಯದು.

ನೀವು ಗೋಡೆಗೆ ಬಣ್ಣ ಹೊಡೆಯುವಾಗ ಅಟ್ಟಣಿಗೆಯಿಂದ ಬಿದ್ದಿರಿ. ಡಾಕ್ಟರು ಬೆನ್ನುನೋವಿಗೆ ಕೊಟ್ಟ ಮಾತ್ರೆಯಿಂದ ಇದೆಲ್ಲ ಶುರುವಾಯಿತು. ಆ ಮಾತ್ರೆ ನಿಂತ ಮೇಲೆ ಪುಡಿ ಬಂತು. ಮೊದಲು ನಿಮಗೆ, ಆಮೇಲೆ ಅವಳಿಗೆ. ಈಗ ಪುಡಿ ಬಿಡಿಸುವುದಕ್ಕೆ ಮತ್ತೆ ಮಾತ್ರೆ ಎನ್ನುತ್ತೀರಿ. ನನಗೆ ಓದು ಕಡಿಮೆ. ಆದರೂ ಸುತ್ತಿ ಸುತ್ತಿ ಅಲ್ಲಿಗೇ ಬಂದ ಹಾಗೆ ಕಾಣುತ್ತದೆ.

ಇಂತಿ,
ಅವಳ ತಾಯಿ


ಮಾರ್ಚ್ 20

ಅತ್ತೆಯವರಿಗೆ,

ವಿಳಾಸದ ಮಾತು ಇನ್ನು ಎತ್ತುವುದಿಲ್ಲ. ಈ ಕಾಗದ ಬೇರೆ ವಿಷಯಕ್ಕೆ.

ನೀವು ಬರೆದದ್ದನ್ನು ಸಿಸ್ಟರ್‌ಗೆ ಓದಿ ಹೇಳಿದೆ. ತಪ್ಪಾಗಿದ್ದರೆ ಬೈಯಿರಿ. ಅವರದು ಮಾತು ಕಡಿಮೆ, ಗದರುವುದೇ ಹೆಚ್ಚು. ಬೀರು ಒರೆಸುತ್ತಿದ್ದವರು ಬಟ್ಟೆಯನ್ನು ಅಲ್ಲೇ ಬಿಟ್ಟು ಬಂದು ಕೂತರು.

"ಎಷ್ಟು ತಿಂಗಳು ಒಳಗಿದ್ಲು?"

"ಏಳೆಂಟು."

"ಔಷಧಿ ಏನಾದ್ರೂ ಕೊಟ್ಟಿದ್ರಾ?"

"ಇಲ್ಲ. ಆಗ ಇದೆಲ್ಲ ಎಲ್ಲಿತ್ತು?"

"ಹಾಗಾದ್ರೆ ಅವರಮ್ಮನಿಗೆ ಬರಿ. ಅವಳು ಸಾಯ್ಬೇಕು ಅಂತ ಮಾಡ್ಕೊಂಡಿದ್ದಲ್ಲ. ಮೊದಲು ಎಷ್ಟು ತಗೊಳ್ತಿದ್ಲೋ ಅಷ್ಟೇ ತಗೊಂಡಿದ್ದಾಳೆ. ಮನಸ್ಸಿಗೆ ಹಳೇ ಅಳತೆ ನೆನಪಿತ್ತು, ಮೈಗೆ ಮರೆತುಹೋಗಿತ್ತು. ಅಷ್ಟು ತಿಂಗಳು ಬಿಟ್ಟ ಮೈಗೆ ಅದೇ ವಿಷ. ಇಲ್ಲಿಂದ ಹೋದೋರು ಹೆಚ್ಚಾಗಿ ಸಾಯೋದು ಮೊದಲ ವಾರಗಳಲ್ಲೇ ಕಣಯ್ಯ. ಅದಕ್ಕೇ ತಾನೆ ದಿನಾ ನಿನ್ನ ಬಾಯಲ್ಲಿ ಇದನ್ನ ಇಡ್ತಿರೋದು? ನಿನ್ನ ಅಂದ ನೋಡೋಕಾ?"

ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ, ಒಂದಕ್ಷರ ಸೇರಿಸಿಲ್ಲ. ಅವಳಿಗೆ ನೀವು ಬೇಡವಾಗಿರಲಿಲ್ಲ ಅತ್ತೆ. ಬಿಡುಗಡೆಗೆ ಮುಂಚೆ ನನಗೆ ಬರೆದಾಗ, "ಅಮ್ಮ ಹೊದಿಕೆಗೆ ಗಂಜಿ ಹಾಕಿರ್ತಾಳೆ, ಮಗ್ಗುಲು ತಿರುಗಿದ್ರೆ ಬರಬರ ಅಂತ ಸದ್ದು ಬರುತ್ತೆ, ಯಾವಾಗ ಹೋಗಿ ಅದರ ಮೇಲೆ ಬೀಳ್ತೀನೋ" ಎಂದಿದ್ದಳು.

ಇಂತಿ,
ನಿಮ್ಮ ಮಗಳ ಗಂಡ


ಮೇ 6

ಅಳಿಯಂದಿರಿಗೆ,

ನಿಮ್ಮ ಕಾಗದವನ್ನು ಲಾಂಡ್ರಿಯಲ್ಲಿ ಊಟದ ಹೊತ್ತಿಗೆ ಓದಿದೆ. ಓದಿ, ಇಸ್ತ್ರಿ ಮೇಜಿಗೆ ಹೋಗಿ ನಿಂತೆ. ನಮ್ಮಲ್ಲಿಗೆ ಈಗ ಎರಡು ಆಸ್ಪತ್ರೆಗಳ ಬಟ್ಟೆ ಬರುತ್ತದೆ, ಕೆಲಸ ಬಿಡುವಿಲ್ಲ. ತಲೆದಿಂಬಿನ ಚೀಲವೊಂದು ಸುಟ್ಟ ವಾಸನೆ ಬಂದಾಗಲೇ ಗೊತ್ತಾದದ್ದು, ಇಸ್ತ್ರಿಪೆಟ್ಟಿಗೆಯನ್ನು ಇಟ್ಟಲ್ಲೇ ಇಟ್ಟು ನಿಂತಿದ್ದೇನೆ ಎಂದು. ಇಷ್ಟು ವರ್ಷದ ಕೆಲಸದಲ್ಲಿ ಹೀಗಾದದ್ದು ಮೊದಲ ಸಲ. ಬಾಯ್ಲರ್ ನೋಡಿಕೊಳ್ಳುವ ಮುದುಕ ಓಡಿಬಂದು, "ಏನಮ್ಮಾ, ದಿಂಬನ್ನೂ ಹುರೀತಿದ್ದೀಯಾ?" ಎಂದ. ನಾನು ಅತ್ತುಬಿಟ್ಟೆ. ತನ್ನ ಮಾತಿಗೇ ಅತ್ತೆನೆಂದು ತಿಳಿದು, ಪಾಪ, ಆ ಚೀಲವನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಹೋಗಿ ಬೆಂಕಿಗೆ ಹಾಕಿದ. ಮೇಸ್ತ್ರಿ ಕೇಳಿದರೆ ಒಂದು ಕಡಿಮೆ ಬಂದಿತ್ತು ಅಂದುಬಿಡು ಎಂದ.

ಬೇಕೆಂದು ಮಾಡಿಕೊಂಡದ್ದಲ್ಲ. ಅದನ್ನು ಓದಿದ ದಿನ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಮಾರನೆಯ ದಿನ ಇನ್ನೂ ದೊಡ್ಡದು ಬಂದು ಕೂತಿತು. ಹಾಗಾದರೆ ಅವಳು ಬದುಕಬಹುದಾಗಿತ್ತಲ್ಲ. ಉತ್ತರ ಬರೆಯಲು ಇಷ್ಟು ದಿನ ಹಿಡಿದದ್ದು ಅದಕ್ಕೇ.

ಆ ಮಾತ್ರೆ ಕಹಿಯೇ? ಕರಗಲು ಬಹಳ ಹೊತ್ತು ಬೇಕೇ? ಅಷ್ಟು ಹೊತ್ತು ಮಾತಾಡದೆ ಏನು ಮಾಡುತ್ತೀರಿ?

ಅಳಿಲಿಗೆ ಜ್ವರದ ಮಾತ್ರೆ ಕೊಟ್ಟರೆ ಕೆನ್ನೆಯಲ್ಲಿ ಅಡಗಿಸಿಟ್ಟು, ನಾನು ಆಚೆ ತಿರುಗಿದ ಕೂಡಲೇ ಕಿಟಕಿಯಿಂದ ಉಗಿದುಬಿಡುತ್ತಿದ್ದಳು. "ಬಾಯಿ ತೋರ್ಸೇ" ಎಂದು ಹಿಂದೆ ಹಿಂದೆ ಓಡುತ್ತಿದ್ದೆ. ನಿಮ್ಮ ಸಿಸ್ಟರ್‌ಗೆ ಹೇಳಿ: ನಾಲಗೆ ಎತ್ತಿಸಿ ನೋಡಿದರೆ ಸಾಲದು, ಕೆನ್ನೆಯನ್ನು ಹೊರಗಿನಿಂದ ಒತ್ತಬೇಕು.

ಇಂತಿ,
ಅಳಿಲಿನ ತಾಯಿ


ಮೇ 24

ಅತ್ತೆಯವರಿಗೆ,

ಸಿಸ್ಟರ್‌ಗೆ ಹೇಳಿದೆ. ಅವತ್ತಿನಿಂದ ಎಲ್ಲರ ಕೆನ್ನೆಯನ್ನೂ ಒತ್ತುತ್ತಿದ್ದಾರೆ. ಬೆಂಚಿನವರೆಲ್ಲ ನಿಮಗೆ ಹಿಡಿಶಾಪ ಹಾಕುತ್ತಿದ್ದಾರೆ. ನನ್ನ ಪಕ್ಕ ಕೂರುವ ಬಡಗಿ, "ನಿಮ್ಮತ್ತೆ ಇಲ್ಲಿ ಜೈಲರ್ ಆಗಿದ್ದಿದ್ರೆ ನಮ್ಮಲ್ಲಿ ಒಬ್ಬನೂ ಬಿಡುಗಡೆ ಆಗ್ತಿರಲಿಲ್ಲ ಬಿಡು" ಎಂದ. ಈ ಬಡಗಿ ಒಂದು ಕಾಟ. ಮಾತ್ರೆ ಇಟ್ಟುಕೊಂಡು ಎಲ್ಲರೂ ಸುಮ್ಮನೆ ಕೂತಾಗ ಬರೀ ಹುಬ್ಬಿನಲ್ಲೇ ಜೈಲು ಸಾಹೇಬರ ನಡಿಗೆ ತೋರಿಸುತ್ತಾನೆ. ನಗು ಬಂದು ಬಾಯಿ ತೆರೆದರೆ ಬೈಸಿಕೊಳ್ಳುವುದು ನಾನು.

ಮಾತ್ರೆ ಕಹಿಯೇ. ಹಣ್ಣು ತಿಂದು ಸಿಪ್ಪೆಯನ್ನೂ ಕಚ್ಚಿದರೆ ಹೇಗಿರುತ್ತದೋ ಹಾಗೆ. ಎದುರಿನ ಗೋಡೆಗೆ ಯಾರೋ ಪುಟ್ಟಿ ಹಚ್ಚದೆ ಬಣ್ಣ ಹೊಡೆದಿದ್ದಾರೆ, ಬೊಬ್ಬೆ ಎದ್ದು ಪೊರೆ ಪೊರೆಯಾಗಿ ಬಿಡುತ್ತಿದೆ. ಮೊದಮೊದಲು ನನಗೆ ಅದನ್ನು ನೋಡುವುದೇ ಕೆಲಸವಾಗಿತ್ತು, ಕೈ ತುರಿಸುತ್ತಿತ್ತು. ಈಗ ಆ ಹೊತ್ತಿಗೆ ಅವಳು, ನಿಮ್ಮ ಅಳಿಲು, ಬರುತ್ತಾಳೆ. ಬಡಗಿಯ ಈಚೆ ಬಂದು ನನ್ನ ಪಕ್ಕ ಕೂರುತ್ತಾಳೆ. ನಾನು ಮಾತಾಡುವಂತಿಲ್ಲ, ಅವಳೂ ಆಡುವುದಿಲ್ಲ. ಕರಗಿ, ಬಾಯಿ ತೆರೆದು ತೋರಿಸುವಷ್ಟರಲ್ಲಿ ಎದ್ದು ಹೋಗಿರುತ್ತಾಳೆ. ಆಮೇಲೆ ದಿನವೆಲ್ಲ ಉಳಿದಿರುತ್ತದೆ.

ವಿಳಾಸ ಕೊಡಲು ಜೂನ್ ಕೊನೆಯೇ ಗಡುವು ಎಂದು ಸಿಸ್ಟರ್ ಗದರುತ್ತಾರೆ. ವಿಳಾಸ ಇಲ್ಲದವರನ್ನು ಗೇಟಿನಲ್ಲಿ ಹಾಗೇ ಬಿಡುತ್ತಾರೆ, ಮಾತ್ರೆ ಅವತ್ತಿಗೇ ಮುಗಿಯಿತು. ಇದನ್ನು ನಿಮ್ಮನ್ನು ಕೇಳಲು ಬರೆದದ್ದಲ್ಲ. ನಿಮ್ಮ ಕಾಗದ ಬಂತು ಎಂದು ಹೇಳಲು ಹೊರಟೆ, ಮಾತಿಗೆ ಮಾತು ಬಂತು.

ಇಂತಿ,
ನಿಮ್ಮ ಮಗಳ ಗಂಡ


ಜೂನ್ 10

ಅಳಿಯಂದಿರಿಗೆ,

ಇದನ್ನು ಲಾಂಡ್ರಿಯಲ್ಲೇ ಕೂತು ಬರೆಯುತ್ತಿದ್ದೇನೆ. ಮನೆಗೆ ಹೋದರೆ ಮನಸ್ಸು ಬದಲಾದೀತೆಂಬ ಭಯ. ಇಲ್ಲಿನ ಆವಿಗೆ ಬರಿಯ ಹಾಳೆ ತಡೆಯುವುದಿಲ್ಲ, ಮೆತ್ತಗಾಗಿ ಶಾಯಿ ಹರಡಿಬಿಡುತ್ತದೆ. ಬಟ್ಟೆಗಂಟಿಗೆ ಕಟ್ಟುವ ಗುರುತಿನ ಚೀಟಿಗಳನ್ನು ನಾವು ತೆಳ್ಳನೆ ಗಂಜಿಯಲ್ಲಿ ಅದ್ದಿ, ಇಸ್ತ್ರಿ ಮಾಡಿ ಇಟ್ಟುಕೊಳ್ಳುವುದು ಅದಕ್ಕೇ. ಹಾಗೇ ಮಾಡಿದ ಎರಡು ದೊಡ್ಡ ಹಾಳೆ ನಿಮಗೆಂದು ತೆಗೆದಿಟ್ಟೆ. ನೋಡಿ, ಹೊಸ ನೋಟಿನ ಹಾಗೆ ನೆಟ್ಟಗೆ ನಿಂತಿದೆ.

ಬಾಯ್ಲರ್ ಮುದುಕ ಇಣುಕಿ ನೋಡಿ, "ಯಾರಿಗಮ್ಮಾ ಇಷ್ಟುದ್ದ?" ಎಂದ. ಅಳಿಯನಿಗೆ ಎಂದೆ. "ಅಳಿಯನಿಗೆ ಇಷ್ಟುದ್ದ ಬರೆಯೋ ಅತ್ತೇನ ಇವತ್ತೇ ನೋಡಿದ್ದು. ನಮ್ಮತ್ತೆ ನನ್ನ ಬಗ್ಗೆ ಬರೆದಿದ್ದು ಒಂದೇ, ಅದೂ ಪೊಲೀಸ್ ಸ್ಟೇಷನ್ನಿಗೆ" ಎಂದು ಹೋದ.

ಮಾಳಿಗೆಯ ಕೋಣೆಯ ಬಾಗಿಲು ಮೊನ್ನೆ ತೆಗೆದೆ. ಧೂಳು ಹೊಡೆದೆ, ನೆಲ ಒರೆಸಿದೆ. ಅವಳ ಬಟ್ಟೆ ಒಂದು ಪೆಟ್ಟಿಗೆಯಲ್ಲಿದೆ, ಅದನ್ನು ಮುಟ್ಟಲಿಲ್ಲ. ಊರವರ ಬಟ್ಟೆಯೆಲ್ಲ ಒಗೆಯುವವಳಿಗೆ ಅದೊಂದು ಒಗೆಯಲು ಕೈ ಬರುತ್ತಿಲ್ಲ. ಗೋಡೆಯ ಬಣ್ಣ ಮಾಸಿದೆ, ನೀವೇ ಬಂದು ನೋಡಿಕೊಳ್ಳಿ.

ಹೌದು, ಬಂದು. ವಿಳಾಸ ಬರೆಸಿಕೊಳ್ಳಿ. ಬರೀ ವಿಳಾಸವಲ್ಲ, ಬಂದು ಇರಿ. ಎಲ್ಲಾದರೂ ಮಲಗುತ್ತೇನೆ ಎನ್ನುವ ಮಾತು ಇನ್ನೊಮ್ಮೆ ಬರೆಯಬೇಡಿ.

ಇಂತಿ,
ನಿಮ್ಮ ಅತ್ತೆ


ಜುಲೈ 2

ಅತ್ತೆಯವರಿಗೆ,

ಅಕ್ಷರ ನಡುಗಿದೆ, ತಾಳ್ಮೆಯಿಂದ ಓದಿಕೊಳ್ಳಿ.

ನಿಮ್ಮಿಂದ ಬಂದ ಕಾಗದ ನನ್ನ ಕೈಗೆ ಬರಲಿಲ್ಲ. ಹಾಳೆ ಗರಿಗರಿಯಾಗಿತ್ತಂತೆ, ಬೆಳಕಿಗೆ ಹಿಡಿದರೆ ಮೋಡ ಮೋಡ ಕಂಡಿತಂತೆ. ಪುಡಿಯನ್ನು ನೀರಿನಲ್ಲಿ ಕರಗಿಸಿ, ಕಾಗದ ನೆನೆಸಿ ಒಣಗಿಸಿ ಒಳಗೆ ಕಳಿಸುವವರು ಇದ್ದಾರೆ. ಆ ಕಾಗದವೂ ಹಾಗೇ ಗರಿಗರಿ ಇರುತ್ತದೆ. ನಿಮ್ಮದನ್ನು ಪರೀಕ್ಷೆಗೆ ಕಳಿಸಿದ್ದಾರೆ. ಅದರ ವರದಿ ಬರುವವರೆಗೆ ನನ್ನನ್ನು ಬೇರೆ ಬ್ಯಾರಕ್ಕಿಗೆ ಹಾಕಿ ಮಾತ್ರೆ ನಿಲ್ಲಿಸಿದ್ದಾರೆ. ಸಿಸ್ಟರ್ ಸಾಹೇಬರ ಕೋಣೆಯಲ್ಲಿ ಕೂಗಾಡಿದ್ದು ಅಂಗಳಕ್ಕೆಲ್ಲ ಕೇಳಿಸಿತು. ನಿಯಮ ಎಂದರಂತೆ.

ಮೂಳೆಯೊಳಗೆ ಇರುವೆ ಹರಿಯುತ್ತಿರುವ ಹಾಗಿದೆ. ನೀರು ಕುಡಿದರೂ ನಿಲ್ಲುವುದಿಲ್ಲ. ಇಲ್ಲಿ ಪಕ್ಕದವನ ಹತ್ತಿರ ಪುಡಿ ಇದೆ. ಇದೆ ಎಂದು ಅವನು ಹೇಳಬೇಕಾಗಿಲ್ಲ, ನನಗೆ ಗೊತ್ತಾಗುತ್ತದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೇನೆ. ಇದುವರೆಗೆ ತಿರುಗಿಲ್ಲ.

ನಿಮಗೆ ನನ್ನ ಮೇಲೆ ಕೋಪವಿದ್ದರೆ ಅದು ನ್ಯಾಯವೇ. ಆದರೆ ಇಂಥದ್ದು ಮಾಡುವವರು ನೀವಲ್ಲ ಎಂದು ಸಾಹೇಬರಿಗೆ ಹೇಳಿದೆ. ಅವರು ನಕ್ಕರು. ಒಂದೇ ಒಂದು ತಿಳಿಯಬೇಕು ಅತ್ತೆ. ಅದರಲ್ಲಿ ಏನು ಬರೆದಿದ್ದಿರಿ?

ಇಂತಿ,
ನಿಮ್ಮ ಮಗಳ ಗಂಡ


ಜುಲೈ 12

ಅಳಿಯಂದಿರಿಗೆ,

ಇದು ಅಂಗಡಿಯಿಂದ ತಂದ ಬರಿಯ ಹಾಳೆ. ಸಿಸ್ಟರ್ ಹೆಸರಿಗೇ ಕಳಿಸುತ್ತಿದ್ದೇನೆ, ಅವರೇ ನಿಮ್ಮ ಕೈಗೆ ಕೊಡುತ್ತಾರೆ.

ನಿನ್ನೆ ಅಲ್ಲಿಗೆ ಬಂದಿದ್ದೆ. ನಿಮ್ಮನ್ನು ನೋಡಲು ಬಿಡಲಿಲ್ಲ. ಸಾಹೇಬರ ಮುಂದೆ ನಿಲ್ಲಿಸಿದರು.

"ನೀವು ಅವನಿಗೆ ಏನಾಗ್ಬೇಕು?"

"ಅತ್ತೆ."

"ಹೆಂಡ್ತಿ ಬರಲಿಲ್ವಾ?"

"ಅವಳಿಲ್ಲ ಸಾರ್. ತೀರಿಕೊಂಡಳು."

"ಮಗಳೇ ಇಲ್ಲ ಅಂದ್ಮೇಲೆ ಅತ್ತೆ ಹೇಗಾಗ್ತೀರಮ್ಮಾ?"

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಬರೆದುಕೊಳ್ಳಬೇಕಾಗಿತ್ತು, ಕೇಳಿದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಗಂಜಿಯ ವಿಷಯ ಹೇಗೆ ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಇದಕ್ಕೆ ಉತ್ತರ ಯೋಚಿಸಿರಲಿಲ್ಲ. "ಆಗಿದ್ದೀನಿ ಸಾರ್" ಎಂದೆ. ಬರೆದುಕೊಂಡರು.

ಗಂಜಿ ಎಂದೆ. "ಕುಡಿಯೋ ಗಂಜಿನಾ?" ಎಂದು ಬಾಗಿಲಲ್ಲಿದ್ದ ವಾರ್ಡರ್ ನಕ್ಕ. ಬಟ್ಟೆಗೆ ಹಾಕುವುದು, ಕಾಗದದಲ್ಲೇ ಬರೆದಿದ್ದೇನಲ್ಲ ಎಂದೆ. "ಅದನ್ನ ಓದಿದ ಮೇಲೇ ನಮಗೆ ಅನುಮಾನ ಜಾಸ್ತಿಯಾಗಿದ್ದು" ಎಂದರು ಸಾಹೇಬರು. ಇದು ಗಂಜಿ ಪುಡಿಯ ಡಬ್ಬಿ, ಇದು ಲಾಂಡ್ರಿ ಚೀಟಿ ಎಂದು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ಯಾರೂ ಮುಟ್ಟಲಿಲ್ಲ. ನನಗೆ ಬೇರೆ ಏನೂ ತೋಚಲಿಲ್ಲ. ಒಂದು ಚೀಟಿಯನ್ನು ಅರ್ಧ ಹರಿದು ಬಾಯಿಗೆ ಹಾಕಿಕೊಂಡೆ.

"ಏಯ್ ಏಯ್, ಉಗೀರಿ!" ಎಂದು ಎದ್ದರು. ಉಗಿಯಲಿಲ್ಲ. ಏನಾದರೂ ಆದೀತೆಂದು ಹೊರಗಿನ ಬೆಂಚಿನ ಮೇಲೆ ಕೂರಿಸಿ ವಾರ್ಡರನ್ನು ಕಾವಲಿಟ್ಟರು. ಕಾಗದ ಸುಲಭವಾಗಿ ಕರಗುವುದಿಲ್ಲ. ಕೈ ಮಂಡಿಯ ಮೇಲಿಟ್ಟುಕೊಂಡು, ಬಾಯಿ ಮುಚ್ಚಿಕೊಂಡು ಕೂತಿದ್ದೆ. ಅಲ್ಲಿಯ ಗೋಡೆಯೂ ಪೊರೆ ಬಿಡುತ್ತಿತ್ತು. ನೀವು ಬರೆದದ್ದು ನಿಜ. ಸ್ವಲ್ಪ ಹೊತ್ತಿಗೆ ಬಂದಳು. ಪಕ್ಕದಲ್ಲಿ ಕೂತಳು. ನಾನು ತಿರುಗಿ ನೋಡಲಿಲ್ಲ, ಎದ್ದು ಹೋದಾಳೆಂದು.

ಸಾಹೇಬರು ಹೊರಗೆ ಬಂದು, "ನಿಮಗೇನೂ ಆಗಿಲ್ಲ, ಸಂತೋಷ. ಆದ್ರೆ ನೀವು ತಿಂದಿದ್ದು ಇವತ್ತು ತಂದ ಚೀಟಿ. ನಾವು ಕಳಿಸಿರೋದು ಬೇರೆ ಹಾಳೆ. ಲ್ಯಾಬಿಂದ ಬರ್ಲಿ" ಎಂದರು. ಅವರು ಹೇಳಿದ್ದೂ ಸರಿಯೇ. ಎದ್ದು ಬಂದೆ.

ಗೇಟಿನ ಹತ್ತಿರ ಸಿಸ್ಟರ್ ಹಿಂದೆಯೇ ಓಡಿಬಂದರು. "ಕೆನ್ನೆ ಒತ್ತೋಕೆ ಹೇಳಿದ್ದು ನೀವೇ ಅಲ್ವಾ? ಗಡುವು ದಾಟಿದೆ, ಆದ್ರೂ ಕೇಳ್ತೀನಿ. ವಿಳಾಸ ಕೊಡ್ತೀರಾ?" ಎಂದರು. ಕೊಟ್ಟು ತಿಂಗಳಾಯಿತು, ನಿಮ್ಮ ಸಾಹೇಬರ ಹತ್ತಿರವೇ ಇದೆ ಎಂದೆ. ನಕ್ಕು, ಅಂಗೈಮೇಲೇ ಬರೆದುಕೊಂಡರು.

ಆ ಕಾಗದದಲ್ಲಿ ಇದ್ದದ್ದು ಅಷ್ಟೇ. ಬನ್ನಿ ಎಂದು ಬರೆದಿದ್ದೆ.

ಇಂತಿ,
ನಿಮ್ಮ ಅತ್ತೆ


ಆಗಸ್ಟ್ 5

ಅತ್ತೆಯವರಿಗೆ,

ಲ್ಯಾಬಿನಿಂದ ಬಂತು. ಗಂಜಿ ಎಂದೇ ಬರೆದಿದೆಯಂತೆ. ನನ್ನನ್ನು ಹಳೆಯ ಬ್ಯಾರಕ್ಕಿಗೆ ಕಳಿಸಿದರು. ಸಾಹೇಬರು ನಿಮ್ಮ ಕಾಗದವನ್ನು ನನ್ನ ಕೈಯಲ್ಲಿಟ್ಟರು. ನಿಜ, ಹೊಸ ನೋಟಿನ ಹಾಗೇ ಇದೆ. ಮಡಚಿದರೆ ಸದ್ದು ಮಾಡುತ್ತದೆ. ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ.

ಗೋಡೆಯ ಕಡೆಯಿಂದ ನಾನು ತಿರುಗಲಿಲ್ಲ ಅತ್ತೆ. ನಡುಕ, ವಾಂತಿ ಎಲ್ಲ ಬಂದು ಹೋಯಿತು. ಈಗ ಮೈ ಹಗುರವಾಗಿದೆ, ಊಟ ಸೇರುತ್ತಿದೆ. ಮಾತ್ರೆ ಮತ್ತೆ ಶುರುಮಾಡೋಣ, ಬಿಡುಗಡೆಗೆ ಮುಂಚೆ ಮಾಡಲೇಬೇಕು ಎಂದು ಸಿಸ್ಟರ್ ದಿನಾ ಕರೆಯುತ್ತಾರೆ. ಬೇಡ ಎಂದಿದ್ದೇನೆ. ಶುರುಮಾಡಿದ ಮೇಲೆ ಇನ್ನೊಂದು ದಿನ ಇನ್ಯಾರೋ ಇನ್ಯಾವುದೋ ಕಾರಣಕ್ಕೆ ಕಿತ್ತುಕೊಂಡರೆ? ಆ ನರಕ ಇನ್ನೊಂದು ಸಲ ನನ್ನಿಂದ ಆಗದು.

ಇನ್ನೊಂದು ಮಾತೂ ಇದೆ. ನೀವು ಆ ಮನೆಗೆ ಬಾ ಎಂದಿದ್ದೀರಿ. ದಿನಾ ಬೆಳಿಗ್ಗೆ ಚಟದವರ ಸಾಲಿನಲ್ಲಿ ನಿಂತು ಬಂದು ನಿಮ್ಮ ಎದುರು ಹೇಗೆ ಊಟಕ್ಕೆ ಕೂರಲಿ? ಅಕ್ಕಪಕ್ಕದವರು ಏನೆಂದಾರು? ಬರುವುದಾದರೆ ಶುದ್ಧವಾಗಿ ಬರುತ್ತೇನೆ. ಅಷ್ಟಾದರೂ ಮರ್ಯಾದೆ ನಿಮಗೆ ಕೊಡಬೇಕು.

ಇಂತಿ,
ನಿಮ್ಮ ಅಳಿಯ


ಆಗಸ್ಟ್ 11

ಮಗಾ,

ನೀನು ಎಂದೇ ಬರೆಯುತ್ತೇನೆ. ನೀವು ತಾವು ಎನ್ನುವಷ್ಟು ಸಮಾಧಾನ ಈಗ ನನ್ನಲ್ಲಿಲ್ಲ.

ಶುದ್ಧವಾಗಿ ಬರುತ್ತೇನೆ ಎಂದು ಬರೆದಿದ್ದೀಯ. ನಾನು ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಮಾಡುವ ಕೆಲಸ ಅದೇ. ಆಸ್ಪತ್ರೆಯ ಹೊದಿಕೆಯನ್ನು ಕಲೆ ಹೋಗುವವರೆಗೆ ಉಜ್ಜಿ ಬೆಳ್ಳಗೆ ಮಾಡಿ ಕಳಿಸುತ್ತೇನೆ. ಅದರ ಮೇಲೆ ಮತ್ತೊಬ್ಬ ರೋಗಿ ಮಲಗುತ್ತಾನೆ, ಮತ್ತೆ ಬರುತ್ತದೆ, ಮತ್ತೆ ಒಗೆಯುತ್ತೇನೆ. ಒಂದು ಸಲ ಒಗೆದದ್ದಕ್ಕೇ ಬೆಳ್ಳಗೆ ಉಳಿದ ಹೊದಿಕೆ ನಾನು ನೋಡಿಲ್ಲ, ಪೆಟ್ಟಿಗೆಯಲ್ಲಿ ಮುಚ್ಚಿಟ್ಟದ್ದು ಬಿಟ್ಟು.

ಶುದ್ಧವಾಗಿ ಒಬ್ಬಳು ಬಂದಿದ್ದಳು. ಕೆನ್ನೆ ತುಂಬಿಕೊಂಡು, ನಗುತ್ತಾ, ಅಮ್ಮಾ ಒಂದು ಚೂರೂ ಮುಟ್ಟಿಲ್ಲ ಎನ್ನುತ್ತಾ. ಅವಳೂ ನನಗೆ ಮರ್ಯಾದೆ ಕೊಡಲೆಂದೇ ಹಾಗೆ ಬಂದದ್ದು. ಮೈ ಅಳತೆ ಮರೆತಿರುತ್ತದೆ ಎಂದು ನನಗೆ ಬರೆದು ತಿಳಿಸಿದವನು ನೀನು. ನಿನ್ನ ಮೈಯೂ ಈಗ ಮರೆತಿದೆ. ನನ್ನ ಕಾಗದವೇ ಮರೆಸಿತು. ಅದನ್ನು ಬರೆಯುವಾಗ ಎಷ್ಟು ಸಂತೋಷವಾಗಿತ್ತು ನನಗೆ, ಗೊತ್ತೇ?

ಅಕ್ಕಪಕ್ಕದವರ ಮಾತು ಬಿಡು. ಬಾಯ್ಲರ್ ಮುದುಕ ರಕ್ತದೊತ್ತಡಕ್ಕೆ ಎಷ್ಟೋ ವರ್ಷದಿಂದ ದಿನಾ ಮಾತ್ರೆ ನುಂಗುತ್ತಾನೆ. ನೀನು ಯಾವಾಗ ಶುದ್ಧವಾಗುತ್ತೀಯಾ ಎಂದು ನಾವ್ಯಾರೂ ಅವನನ್ನು ಕೇಳಿಲ್ಲ. ಬದುಕಿರುವವರೆಗೆ ಬೇಕೆಂದರೆ ಬದುಕಿರುವವರೆಗೆ ತೆಗೆದುಕೋ. ಬದುಕಿರು. ಕಿತ್ತುಕೊಳ್ಳಲು ಯಾರಾದರೂ ಬಂದರೆ ನನಗೆ ಹೇಳು. ಒಂದು ಕಾಗದ ತಿಂದವಳು ಇನ್ನೊಂದು ತಿನ್ನಲಾರೆನೇ?

ಮಾತ್ರೆ ಬೇಡವೆಂದರೆ ಬರಬೇಡ, ಬಾಗಿಲು ತೆಗೆಯುವುದಿಲ್ಲ ಎಂದು ಬರೆಯಬೇಕೆಂದು ಕೂತಿದ್ದೆ. ಬರೆಯಲಾರೆ. ನೀನು ಹೇಗೆ ಬಂದರೂ ನಾನು ಬಾಗಿಲು ತೆಗೆದೇ ತೆಗೆಯುತ್ತೇನೆ. ಹೊದಿಕೆ ಹಾಸಿಯೇ ಹಾಸುತ್ತೇನೆ. ಆಮೇಲೆ ಮತ್ತೆ ಬಟ್ಟೆ ಮಡಚುತ್ತಾ ನಲ್ಲಿಯ ಸದ್ದು ಕೇಳುತ್ತಾ ಕೂರಬೇಕು. ಅದೊಂದನ್ನು ನನ್ನ ಕೈಯಲ್ಲಿ ಇನ್ನೊಮ್ಮೆ ಮಾಡಿಸಬೇಡ.

ಅತ್ತೆ


ಆಗಸ್ಟ್ 30

ಅತ್ತೆಗೆ,

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಓದುತ್ತಿದ್ದೆ, ಮಡಚುತ್ತಿದ್ದೆ.

ಇವತ್ತು ಬೆಂಚಿನ ಮೇಲೆ ಕೂತೆ. ಸಿಸ್ಟರ್ ಬಂದು, ಚಿಕ್ಕ ಅಳತೆಯಿಂದ ಶುರು ಎಂದು ಅರ್ಧ ಮಾತ್ರೆ ಇಟ್ಟರು. ಬಡಗಿ ನನ್ನನ್ನು ನೋಡಿ ಹುಬ್ಬು ಹಾರಿಸಲೇ ಇಲ್ಲ, ಸ್ವಲ್ಪ ಆಚೆ ಸರಿದು ಜಾಗ ಬಿಟ್ಟ. ಒಬ್ಬರಿಗೆ ಆಗಿ ಇನ್ನೊಬ್ಬರಿಗೆ ಮಿಗುವಷ್ಟು ಜಾಗ.

ಕರಗಿದ ಮೇಲೆ ಸಿಸ್ಟರ್ ಕೆನ್ನೆ ಒತ್ತುತ್ತಾ, "ಇದು ನಿಮ್ಮತ್ತೆ ಲೆಕ್ಕದಲ್ಲಿ" ಎಂದು ಜೋರಾಗೇ ಒತ್ತಿದರು. ಇನ್ನೂ ನೋಯುತ್ತಿದೆ.

ಬಿಡುಗಡೆ ಸೆಪ್ಟೆಂಬರ್ 14, ಬೆಳಿಗ್ಗೆ. ಗೇಟಿಗೆ ಬರಬೇಡಿ, ಕೆಲಸ ಬಿಡಬೇಡಿ. ದಾರಿ ನನಗೆ ಗೊತ್ತು.

ನಿಮ್ಮ ಅಳಿಯ


ಸೆಪ್ಟೆಂಬರ್ 16

ಮಗಾ,

ಬೆಳಗಿನ ಪಾಳಿಗೆ ಹೊರಟೆ. ಮಾಳಿಗೆಯಿಂದ ಹೊದಿಕೆಯ ಸದ್ದು ಕೇಳುತ್ತಿತ್ತು, ನಿದ್ದೆಯಲ್ಲೇ ಮಗ್ಗುಲು ತಿರುಗಿದೆ ಎಂದುಕೊಂಡು ಎಬ್ಬಿಸಲಿಲ್ಲ. ಮೆಟ್ಟಿಲ ಕೆಳಗೆ ಸ್ವಲ್ಪ ಹೊತ್ತು ನಿಂತು ಕೇಳಿ, ಇದನ್ನು ಮೇಜಿನ ಮೇಲೆ ಬರೆದಿಟ್ಟು ಹೊರಡುತ್ತಿದ್ದೇನೆ.

ಆಸ್ಪತ್ರೆ ತೆಗೆಯುವ ಹೊತ್ತಿಗೆ ಹೋಗು, ಸಾಲು ಚಿಕ್ಕದಿರುತ್ತದೆ. ಊಟ ಮುಚ್ಚಿಟ್ಟಿದ್ದೇನೆ. ಬಚ್ಚಲಿನ ಚಿಲಕ ಕಿತ್ತು ತೆಗೆಸಿದ್ದೇನೆ, ಒಳಗಿರುವಾಗ ಬಾಗಿಲ ಮೇಲೆ ಟವೆಲು ಎಸೆದರೆ ಸಾಕು.

ನೀನು ಬಂದಾಗಿನಿಂದ ಇಬ್ಬರೂ "ಇನ್ನೊಂಚೂರು ಬಡಿಸ್ಲಾ", "ಸಾಕು ಅತ್ತೆ" ಇಷ್ಟು ಬಿಟ್ಟು ಏನೂ ಆಡಿಲ್ಲ. ಕಾಗದದಲ್ಲಿ ಅಷ್ಟೆಲ್ಲ ಬರೆದುಕೊಂಡವರು. ಇರಲಿ, ಆಡಲು ಬಾರದ್ದನ್ನು ಹೀಗೇ ಬರೆದಿಡೋಣ.

ಆಸ್ಪತ್ರೆಯಿಂದ ಬಂದವನು ಇದರ ಕೆಳಗೆ ಒಂದು ಗೆರೆ ಬರೆದಿಡು. ಲಾಂಡ್ರಿಯಿಂದ ಬಂದು ಚಪ್ಪಲಿ ಬಿಡುವುದಕ್ಕೂ ಮೊದಲು ಮೇಜು ನೋಡುತ್ತೇನೆ. ಗಂಜಿ ಹಾಕಿದ ಚೀಟಿ, ಶಾಯಿ ಹರಡುವುದಿಲ್ಲ.

ಅತ್ತೆ


(ಅದೇ ಚೀಟಿಯ ಕೆಳಗೆ)

ಕರಗಿತು ಅತ್ತೆ. ಮನೆಗೆ ಬಂದೆ, ಉಂಡೆ. ಮಾಳಿಗೆಯ ಗೋಡೆಯ ಹಳೇ ಬಣ್ಣ ಕೆರೆಯುತ್ತಿರುತ್ತೇನೆ. ಕಿಟಕಿ ತೆಗೆದಿಟ್ಟಿದ್ದೇನೆ. ಬೀದಿಯ ತಿರುವಿಗೆ ಬರುವಾಗಲೇ ನಿಮಗೆ ಸದ್ದು ಕೇಳಿಸುತ್ತದೆ.